ಕೂಸಿನ ಉಸಿರು, ಗೊಂಬೆಯ ಪಾಠ

ಹುಟ್ಟಿದ ಮೇಲೆ ತಾನಾಗಿ ಉಸಿರಾಡದ ಕೂಸಿನ ಶ್ವಾಸನಾಳಕ್ಕೆ ಸಣ್ಣ ನಳಿಕೆ ಇಳಿಸಿ ಶ್ವಾಸಕೋಶಕ್ಕೆ ಗಾಳಿ ತಲುಪಿಸುವ ವಿಧಾನವೇ ಇನ್‌ಟ್ಯುಬೇಶನ್. ಹುಟ್ಟುವ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರು ಹಿಡಿಯಲು ಒಂದಿಷ್ಟು ನೆರವು ಬೇಕಾಗುತ್ತದೆ. ಮೈ ಒರೆಸಿ ಬೆನ್ನುಜ್ಜಿದರೆ, ಇಲ್ಲವೇ ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ನಳಿಕೆಯೇ ಬೇಕಾಗುವ ಕೂಸುಗಳು ತೀರ ಕಡಿಮೆ. ಆ ಕೆಲವು ಕೂಸುಗಳ ಪಾಲಿಗೆ ಮಾತ್ರ ಕ್ಷಣಗಳೇ ಆಯುಸ್ಸು. ವೈದ್ಯರು ಈ ಕೆಲಸಕ್ಕೆ ಕೈ ಪಳಗಿಸಿಕೊಳ್ಳಬೇಕಾದದ್ದು ಎಲ್ಲಿ, ಯಾರ ಮೇಲೆ ಎಂಬ ಪ್ರಶ್ನೆ ಹಳೆಯದು.

ಉಸಿರಿಲ್ಲದ ಕೂಸನ್ನು ಎಚ್ಚರಿಸುವ ಯತ್ನ ಇನ್ನೂ ಹಳೆಯದು. ಕಿವಿಯ ಬಳಿ ಕಲ್ಲಿಗೆ ಕಲ್ಲು ತಾಗಿಸಿ ಸದ್ದು ಮಾಡುವುದು, ಮುಖಕ್ಕೆ ತಣ್ಣೀರು ಅಥವಾ ಬಿಸಿನೀರು ಚಿಮುಕಿಸುವುದು, ಗಾಳಿ ಬೀಸುವುದು ಇವೆಲ್ಲ ಚರಕಸಂಹಿತೆಯಲ್ಲಿವೆ. ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಈ ವಿದ್ಯೆ ಸೂಲಗಿತ್ತಿಯರದಾಗಿತ್ತು. ಹಿರಿಯಳ ಜೊತೆ ಹೋಗಿ ಕಣ್ಣಾರೆ ಕಂಡು ಕಲಿಯುವುದೇ ಅವರ ತರಬೇತಿ.

ಗೊಂಬೆಯ ಮೇಲೆ ಹೆರಿಗೆ ಕಲಿಸಿದವರಲ್ಲಿ 18ನೇ ಶತಮಾನದ ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದು ಕೂದ್ರೆಯ ಹೆಸರು ದೊಡ್ಡದು. 1759ರಲ್ಲಿ ದೊರೆ ಹದಿನೈದನೇ ಲೂಯಿಯ ಅಪ್ಪಣೆ ಪಡೆದ ಆಕೆ, ಬಟ್ಟೆ ಮತ್ತು ತೊಗಲಿನಿಂದ ಮಾಡಿದ ಬಸುರಿಯ ಒಡಲು ಹಾಗೂ ಕೂಸಿನ ಗೊಂಬೆ ಹೊತ್ತು ಊರೂರು ಸುತ್ತಿ ಹಳ್ಳಿಯ ಹೆಂಗಸರಿಗೆ ಪಾಠ ಹೇಳಿದಳು. ಗೊಂಬೆಯ ಬಾಯಿಯೊಳಗೆ ಬೆರಳು ತೂರಿಸಬಹುದಿತ್ತು. ಹಾಗೆ ಉಳಿದ ಒಂದು ಗೊಂಬೆ ಇಂದಿಗೂ ರೂಆನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ನಳಿಕೆಯ ವಿದ್ಯೆ ಬೆಳೆದದ್ದು ಬೇರೆ ದಾರಿಯಲ್ಲಿ. 1834ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್, ಬೆರಳನ್ನು ಕೂಸಿನ ನಾಲಿಗೆಯ ಬುಡಕ್ಕೆ ಒಯ್ದು ಅದರ ಆಸರೆಯಲ್ಲಿ ಲೋಹದ ನಳಿಕೆ ಇಳಿಸುವ ಬಗೆಯನ್ನು ವಿವರಿಸಿದ. 1885ರಲ್ಲಿ ನ್ಯೂಯಾರ್ಕಿನ ಜೋಸೆಫ್ ಓಡ್ವಯರ್, ಗಂಟಲಮಾರಿಯಿಂದ ಉಸಿರು ಕಟ್ಟಿದ ಮಕ್ಕಳಿಗಾಗಿ ತನ್ನದೇ ನಳಿಕೆಗಳನ್ನು ಬಳಕೆಗೆ ತಂದ. ಇಬ್ಬರ ವಿಧಾನದಲ್ಲೂ ಕಣ್ಣಿಗೆ ಕಾಣುತ್ತಿದ್ದದ್ದು ಏನೂ ಇಲ್ಲ. ಎಲ್ಲ ಬೆರಳ ಸ್ಪರ್ಶದ ಮೇಲೆ ನಡೆಯುತ್ತಿತ್ತು. 20ನೇ ಶತಮಾನದಲ್ಲಿ ತುದಿಗೆ ದೀಪವಿರುವ ಲ್ಯಾರಿಂಗೋಸ್ಕೋಪ್ ಬಂದ ಮೇಲೆ ಧ್ವನಿತಂತುಗಳನ್ನು ಕಂಡೇ ನಳಿಕೆ ಹಾಕುವುದು ಸಾಧ್ಯವಾಯಿತು. 1941ರಲ್ಲಿ ರಾಬರ್ಟ್ ಮಿಲ್ಲರ್ ರೂಪಿಸಿದ ನೇರ ಬ್ಲೇಡಿನ ಪುಟ್ಟ ಅಳತೆಗಳೇ ಇಂದಿಗೂ ನವಜಾತ ಶಿಶುಗಳಿಗೆ ಬಳಕೆಯಲ್ಲಿವೆ.

ಕಲಿಸುವ ಕ್ರಮಕ್ಕೆ ವ್ಯವಸ್ಥಿತ ರೂಪ ಬಂದದ್ದು ತಡವಾಗಿ. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಬಾಯಿಯಿಂದ ಉಸಿರು ಕೊಡುವುದನ್ನು ಕಲಿಸುವ ಗೊಂಬೆ ಹೊರತಂದ. ಅಮೆರಿಕದಲ್ಲಿ 1987ರಲ್ಲಿ ನವಜಾತ ಶಿಶು ಪುನಶ್ಚೇತನ ತರಬೇತಿ, ಅಂದರೆ ಎನ್‌ಆರ್‌ಪಿ, ಶುರುವಾಯಿತು. ರಾಷ್ಟ್ರೀಯ ನಿಯೊನೆಟಾಲಜಿ ವೇದಿಕೆ 1990ರಲ್ಲಿ ಅದನ್ನು ಭಾರತಕ್ಕೆ ತಂದಿತು. 2009ರಲ್ಲಿ ಕೇಂದ್ರ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಮೂಲಕ ಬ್ಯಾಗ್-ಮಾಸ್ಕ್ ಕಲಿಕೆ ಹೆರಿಗೆ ಕೋಣೆಯ ನರ್ಸುಗಳವರೆಗೂ ತಲುಪಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ 599 ಹೆರಿಗೆ ಸಿಬ್ಬಂದಿಗೆ ಗೊಂಬೆಗಳ ಮೇಲೆ ಈ ತರಬೇತಿ ಕೊಟ್ಟು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು: ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಶೇ 3.0ರಿಂದ 2.3ಕ್ಕೆ ಇಳಿದಿತ್ತು. ಸತ್ತಿವೆ ಎಂದು ಕೈಬಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಉಸಿರು ಕೊಟ್ಟರೆ ಸಾಕಿತ್ತು ಎಂಬುದನ್ನು ಇದು ತೋರಿಸಿತು.

ಬೆಳಗಾವಿಯ ನೆರೆಯ ಬಾಗಲಕೋಟೆಯ ಸೀಮೆಗೆ ವೈದ್ಯಕೀಯ ಕಾಲೇಜು ಬಂದದ್ದು ಈಚೆಗೆ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದಾಗ ಹತ್ತಿರದ ವೈದ್ಯಕೀಯ ಕಾಲೇಜುಗಳಿದ್ದದ್ದು ವಿಜಾಪುರ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಅದರ ಆಸ್ಪತ್ರೆಗೆ ಹಾನಗಲ್ ಕುಮಾರೇಶ್ವರರ ಹೆಸರಿದೆ; ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರ ಕಟ್ಟಿದವರು ಅವರು. 2005ರ ಜನನಿ ಸುರಕ್ಷಾ ಯೋಜನೆ ಮತ್ತು 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು. ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ಹುಟ್ಟುವ ಕೂಸಿಗೆ ಮೊದಲ ನಿಮಿಷದ ಉಸಿರು ಅಲ್ಲೇ ಸಿಗಬೇಕು, ಬ್ಯಾಗ್ ಮತ್ತು ಮಾಸ್ಕಿನಿಂದ. ಅಷ್ಟಕ್ಕೆ ಸುಧಾರಿಸದ ಕೂಸು ಬಾಗಲಕೋಟೆಯಂಥ ಜಿಲ್ಲಾ ಕೇಂದ್ರದ ದಾರಿ ಹಿಡಿಯುತ್ತದೆ. ಅಲ್ಲಿ ರಾತ್ರಿ ಪಾಳಿಯಲ್ಲಿ ಮೊದಲು ಎದುರಾಗುವವರು ಸಾಮಾನ್ಯವಾಗಿ ಮಕ್ಕಳ ವಿಭಾಗದ ರೆಸಿಡೆಂಟ್, ಅಂದರೆ ಇನ್ನೂ ತರಬೇತಿಯಲ್ಲಿರುವ, ವೈದ್ಯರು. ಆದ್ದರಿಂದ ತಾಲ್ಲೂಕಿನಲ್ಲಿ ಮಾಸ್ಕಿನ ಕಲಿಕೆ, ಕಾಲೇಜಿನಲ್ಲಿ ನಳಿಕೆಯ ಕಲಿಕೆ ಎರಡೂ ಒಂದೇ ಸರಪಳಿಯ ಕೊಂಡಿಗಳು.

ಕೆಲಸ ಸಣ್ಣದಾಗಿ ಕಾಣುತ್ತದೆ, ಸುಲಭವಲ್ಲ. ಲ್ಯಾರಿಂಗೋಸ್ಕೋಪನ್ನು ಎಡಗೈಯಲ್ಲಿ ಹಿಡಿದು, ಬ್ಲೇಡನ್ನು ಬಾಯಿಯ ಬಲಬದಿಯಿಂದ ತೂರಿಸಿ, ನಾಲಿಗೆಯನ್ನು ಎಡಕ್ಕೆ ಸರಿಸಬೇಕು. ಬಳಿಕ ಬ್ಲೇಡನ್ನು ಹಿಡಿಕೆಯ ನೇರಕ್ಕೆ ಎತ್ತಬೇಕು. ಒಸಡಿನ ಮೇಲೆ ಸನ್ನೆಯಂತೆ ಮೀಟಿದರೆ ಗಾಯವಾಗುತ್ತದೆ. ಧ್ವನಿತಂತುಗಳ ನಡುವಿನ ಕಿಂಡಿ ಕಂಡಾಗ ಬಲಗೈಯಿಂದ ನಳಿಕೆ ಇಳಿಸಬೇಕು. ಒಂದು ಕಿಲೋಗಿಂತ ಹಗುರ ಕೂಸಿಗೆ 2.5 ಮಿ.ಮೀ., ತುಂಬು ತಿಂಗಳ ಕೂಸಿಗೆ 3.5 ಮಿ.ಮೀ. ನಳಿಕೆ. ಇದೆಲ್ಲ ಸುಮಾರು 30 ಸೆಕೆಂಡಿನಲ್ಲಿ ಮುಗಿಯಬೇಕು. ನಳಿಕೆ ಅನ್ನನಾಳಕ್ಕೆ ಹೋದರೆ ಗಾಳಿ ಹೊಟ್ಟೆ ಸೇರುತ್ತದೆ, ಎದೆ ಏರುವುದಿಲ್ಲ.

ಇದನ್ನು ಕೂಸಿನ ಮೇಲೆ ಕಲಿಯುವ ಅವಕಾಶ ಕಡಿಮೆಯಾಗುತ್ತ ಬಂದಿದೆ. ಗರ್ಭದಲ್ಲೇ ಮಲ ವಿಸರ್ಜಿಸಿದ ಕೂಸುಗಳಿಗೆ ಹಿಂದೆ ರೂಢಿಯಂತೆ ನಳಿಕೆ ಹಾಕಿ ಹೀರುತ್ತಿದ್ದರು. ನವಜಾತ ಶಿಶು ಪುನಶ್ಚೇತನದ 2015ರ ಮಾರ್ಗಸೂಚಿ ಆ ಪದ್ಧತಿಯನ್ನು ಕೈಬಿಟ್ಟಿತು. ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಹಲವು ಕೂಸುಗಳನ್ನು ನಳಿಕೆಯಿಂದ ಪಾರು ಮಾಡಿತು. ಇದು ಕೂಸಿಗೆ ಲಾಭ, ಕಲಿಯುವವರಿಗೆ ಕೊರತೆ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರೆಸಿಡೆಂಟ್‌ಗಳಲ್ಲಿ ಒಬ್ಬರೂ ನಿಗದಿತ ಪರಿಣತಿಯ ಮಟ್ಟ ಮುಟ್ಟಿರಲಿಲ್ಲ.

ಈ ಕೊರತೆಯನ್ನು ತುಂಬುವುದೇ ಸಿಮ್ಯುಲೇಶನ್, ಅಂದರೆ ನೈಜ ಸನ್ನಿವೇಶವನ್ನು ಹೋಲುವ ಅಣಕು ಅಭ್ಯಾಸ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡ ಪರಿಚಯಿಸಿದ ಕ್ರಮದಲ್ಲಿ, ತಪ್ಪು ಕಂಡ ಕೂಡಲೇ ಗುರು ತಡೆದು ತಿದ್ದುತ್ತಾರೆ. ವಿದ್ಯಾರ್ಥಿ ಸರಿಯಾಗುವ ತನಕ ಮತ್ತೆ ಮೊದಲಿಂದ ಮಾಡುತ್ತಾರೆ. ಭಾರತದಲ್ಲಿ 2019ರ ವೈದ್ಯಕೀಯ ಪಠ್ಯಕ್ರಮ ಪ್ರತಿ ಕಾಲೇಜಿಗೂ ಕೌಶಲ ಪ್ರಯೋಗಾಲಯವನ್ನು ಕಡ್ಡಾಯ ಮಾಡಿತು.

ಗೊಂಬೆಗೂ ಮಿತಿಗಳಿವೆ. ಅದರ ನಾಲಿಗೆ ಬಿರುಸು, ಬಾಯಲ್ಲಿ ರಕ್ತವಾಗಲಿ ಲೋಳೆಯಾಗಲಿ ಇರುವುದಿಲ್ಲ. ಕಲಿತದ್ದು ಕೆಲವೇ ತಿಂಗಳಲ್ಲಿ ಮಸುಕಾಗುವುದರಿಂದ ಆಗಾಗ ಮರು ಅಭ್ಯಾಸ ಬೇಕು. ಗೊಂಬೆಯ ಮೇಲೆ ಗೆದ್ದವರೂ ಕೂಸಿನ ಬಳಿ ಹಿರಿಯರ ಕಣ್ಗಾವಲಿನಲ್ಲೇ ಶುರು ಮಾಡಬೇಕು. ಹಾಗಿದ್ದರೂ ಎಡವುವ ಮೊದಲ ಹೆಜ್ಜೆಗಳೆಲ್ಲ ಗೊಂಬೆಯ ಮೇಲೆಯೇ ಮುಗಿಯುತ್ತವೆ. ವೈದ್ಯರ ಮೊದಲ ತಪ್ಪಿಗೆ ಯಾವ ತಾಯಿಯ ಕೂಸೂ ಬೆಲೆ ತೆರಬಾರದು ಎಂಬ ನಿಯಮವನ್ನು ಈ ಕಲಿಕೆ ಎತ್ತಿಹಿಡಿಯುತ್ತದೆ. ದೊಡ್ಡ ನಗರದ ಆಸ್ಪತ್ರೆಗೆ ಅದು ಎಷ್ಟು ಸಲ್ಲುತ್ತದೆಯೋ ಬಾಗಲಕೋಟೆಗೂ ಅಷ್ಟೇ ಸಲ್ಲುತ್ತದೆ.