ಸುಣ್ಣವಾಗಿ ಹೋದ ಹವಳದಿಬ್ಬ

ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಮನ್ನಾರ್ ಕೊಲ್ಲಿಯಲ್ಲಿ 21 ಪುಟ್ಟ ದ್ವೀಪಗಳ ಸಾಲಿದೆ. ಅವುಗಳ ಸುತ್ತಲಿನ ದಿಬ್ಬಗಳನ್ನು ಸಾವಿರಾರು ವರ್ಷ ಕೂತು ಕಟ್ಟಿದ್ದು ಬೆರಳ ತುದಿಯಷ್ಟೂ ಇಲ್ಲದ ಹವಳದ ಜೀವಿಗಳು. ಕೆಲವೇ ದಶಕಗಳಲ್ಲಿ ಕೆಡವಿದ್ದು ಮನುಷ್ಯರ ಹಾರೆ.

ಹವಳದ ಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಸುಣ್ಣ, ಸುಡದಿದ್ದರೆ ಗೋಡೆಯ ಕಲ್ಲು. ಮೀನು ಸಿಗದ ದಿನಗಳಲ್ಲಿ ಅದೇ ಕೂಲಿ. ದೋಣಿಯಲ್ಲಿ ಹೋದವರು ಸತ್ತದ್ದು, ಬದುಕಿದ್ದು ಎಂಬ ಭೇದವಿಲ್ಲದೆ ಕಿತ್ತು ತುಂಬಿ ತರುತ್ತಿದ್ದರು. 20ನೇ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಗಳ ಬೇಡಿಕೆಯೂ ಕೂಡಿಕೊಂಡಿತು. ಹೊಟ್ಟೆಪಾಡಿನವರನ್ನಷ್ಟೇ ದೂರುವುದು ನ್ಯಾಯವಲ್ಲ, ಕೊಳ್ಳುವವರಿದ್ದುದರಿಂದಲೇ ಕಿತ್ತರು.

ದಿಬ್ಬ ತಗ್ಗಿದಂತೆ ಅಲೆಗಳಿಗೆ ತಡೆಯಿಲ್ಲವಾಯಿತು. ಮರಳಿನ ದ್ವೀಪಗಳು ಸವೆದು, ಪೂವರಸನ್‌ಪಟ್ಟಿ, ವಿಲಂಗುಚಳ್ಳಿ ಎಂಬ ಎರಡು ನೀರಿನಡಿ ಸೇರಿದವು.

1986ರಲ್ಲಿ ಈ ಪ್ರದೇಶ ಸಾಗರ ರಾಷ್ಟ್ರೀಯ ಉದ್ಯಾನವಾದರೂ ಕಲ್ಲು ಕೀಳುವುದು ನಿಲ್ಲಲಿಲ್ಲ. 2001ರಲ್ಲಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿ, ಹುಲಿ, ಆನೆಗಳಿಗಿರುವ ರಕ್ಷಣೆ ಪಡೆದವು. ಆದರೆ ಕರಾವಳಿಯ ಮನಸ್ಸು ತಿರುಗಿಸಿದ್ದು 2004ರ ಸುನಾಮಿ. ದಿಬ್ಬ ಊರಿನ ತಡೆಗೋಡೆ ಎಂಬ ಅರಿವು ಮೂಡಿ, ಮರುವರ್ಷದ ಹೊತ್ತಿಗೆ ದಂಧೆ ಬಹುತೇಕ ನಿಂತಿತು.

ಹಾರೆಗೆ ಸಿಗದೆ ಉಳಿದ ಹವಳವನ್ನು ಈಗ ಕಾಡುತ್ತಿರುವುದು ಬಿಸಿನೀರು. ಕಡಲು ಕಾದಾಗ ಒಳಗಿನ ಪಾಚಿಯನ್ನು ಹೊರಹಾಕಿ ಹವಳ ಬಿಳಿಚಿಕೊಳ್ಳುತ್ತದೆ. 2016ರಲ್ಲಿ ಇಲ್ಲಿ ಹಾಗಾಗಿ ಬಹಳಷ್ಟು ಸತ್ತಿತು.