ಪಾಂಡವಪುರ ಉಪವಿಭಾಗದ ತೀವ್ರ ಚರ್ಮರೋಗಗಳು

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಪೈಕಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ಮೊದಲೆರಡು ಕಾವೇರಿಯ ನಾಲೆ ನೀರುಂಡ ಭತ್ತ, ಕಬ್ಬಿನ ಸೀಮೆ, ಕೆ.ಆರ್.ಪೇಟೆಗೆ ಹೇಮಾವತಿಯ ಆಸರೆ. ನಾಗಮಂಗಲ ಬಹುಪಾಲು ರಾಗಿ, ಹುರುಳಿ, ತೆಂಗಿನ ಬೆದ್ದಲು ನೆಲ. ಕಜ್ಜಿ, ಹುಳುಕಡ್ಡಿ, ಇಸುಬು ಎಲ್ಲ ಕಡೆಯಂತೆ ಇಲ್ಲೂ ಉಂಟು. ತೀವ್ರ ಚರ್ಮರೋಗ ಎಂದು ಇಲ್ಲಿ ಹೇಳುವುದು ಆಸ್ಪತ್ರೆಯ ಹಾಸಿಗೆ ಹಿಡಿಸುವ, ದುಡಿಮೆ ತಪ್ಪಿಸುವ, ಕೆಲವೊಮ್ಮೆ ಜೀವಕ್ಕೇ ಎರವಾಗುವ ಕಾಯಿಲೆಗಳನ್ನು.

ಚರ್ಮದ ರೋಗದಿಂದ ಯಾರೂ ಸಾಯುವುದಿಲ್ಲ ಎಂಬ ಮಾತನ್ನು ಶ್ರೀರಂಗಪಟ್ಟಣದ ಚರಿತ್ರೆಯೇ ಸುಳ್ಳು ಮಾಡುತ್ತದೆ. ವಿಜಯನಗರದ ಪ್ರತಿನಿಧಿಯಾಗಿ ಇಲ್ಲಿ ಆಳುತ್ತಿದ್ದ ತಿರುಮಲರಾಯ (ಕೆಲವು ಕಥನಗಳಲ್ಲಿ ಶ್ರೀರಂಗರಾಯ) ಬೆನ್ನುಫಣಿಯಿಂದ ನರಳಿ, ವೈದ್ಯೇಶ್ವರನ ಮೊರೆ ಹೋಗಲು ತಲಕಾಡಿಗೆ ತೆರಳಿದನೆಂದೂ, ಪಟ್ಟಣ ರಾಜ ಒಡೆಯರ ವಶವಾಯಿತೆಂದೂ ಹೇಳುತ್ತಾರೆ. ಅದು 1610ರ ಮಾತು.  ಮುಂದೆ ಇದೇ ಪಟ್ಟಣದಿಂದ ಆಳಿದ ಹೈದರಾಲಿ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ದಂಡಿನ ಬಿಡಾರದಲ್ಲಿ ತೀರಿಕೊಂಡದ್ದೂ ಬೆನ್ನಿನ ಮೇಲೆದ್ದ ಇಂಥದೇ ಹುಣ್ಣಿನಿಂದ. ಬೆನ್ನುಫಣಿ ಎಂದರೆ ಕೂದಲ ಬುಡಗಳಿಗೆ ಸ್ಟ್ಯಾಫಿಲೊಕಾಕಸ್ ಸೋಂಕು ತಗುಲಿ, ಹಲವು ಕುರುಗಳು ಒಳಗೊಳಗೇ ಕೂಡಿಕೊಂಡು ಹಲವು ಬಾಯಿಗಳಿಂದ ಕೀವು ಸುರಿಸುವ ಹುಣ್ಣು. ಈಗ ಇದನ್ನು ಗುಣಪಡಿಸಲು ಆಂಟಿಬಯಾಟಿಕ್ ಇದೆ, ಶಸ್ತ್ರಚಿಕಿತ್ಸೆ ಇದೆ. ಆದರೆ ಮಧುಮೇಹ ಹತೋಟಿಯಲ್ಲಿಲ್ಲದವರಿಗೆ ಇಂದಿಗೂ ಅಪಾಯ ತಪ್ಪಿಲ್ಲ.

ಹೊಲದಲ್ಲಿ ದುಡಿಯುವವರನ್ನು ವರ್ಷಗಟ್ಟಲೆ ಕಾಡುವುದು ಕಾಂಗ್ರೆಸ್ ಗಿಡದ ಅಲರ್ಜಿ. ಪಾರ್ಥೇನಿಯಂ ಎಂಬ ಈ ಅಮೆರಿಕ ಮೂಲದ ಕಳೆ ಭಾರತದಲ್ಲಿ ಮೊದಲು ಎದ್ದು ಕಂಡದ್ದು 1950ರ ದಶಕದ ನಡುವೆ ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬಂತೆಂಬುದು ಸಾಮಾನ್ಯ ನಂಬಿಕೆ. ಕರ್ನಾಟಕದ ಬೀಳು ನೆಲ, ರಸ್ತೆ ಬದಿ, ನಾಲೆಯ ಏರಿಯನ್ನೆಲ್ಲ ಅದು ಆವರಿಸಿತು. ಎಲೆಯ ಮೇಲಿನ ನವಿರುಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಣಗಿದ ಪುಡಿಯಾಗಿ ಗಾಳಿಯಲ್ಲಿ ತೇಲಿ ಮೈಗೆ ತಾಗುತ್ತದೆ. ಆದ್ದರಿಂದ ಗಿಡ ಮುಟ್ಟದವರಿಗೂ ರೋಗ ಬರಬಹುದು. ಕಣ್ಣಿನ ರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಮತ್ತು ಮಂಡಿಯ ಒಳಬದಿ ಮೊದಲು ಕೆಂಪಾಗಿ ತುರಿಸುತ್ತವೆ. ಮೊದಮೊದಲು ಕಾಲಕಾಲಕ್ಕೆ ಕೆರಳಿ ಇಳಿಯುವ ಕಾಯಿಲೆ ಬರಬರುತ್ತ ವರ್ಷವಿಡೀ ನಿಂತುಬಿಡುತ್ತದೆ. ಚರ್ಮ ಆನೆಯ ತೊಗಲಿನಂತೆ ದಪ್ಪಗಟ್ಟುತ್ತದೆ. ಕೆಲವರಿಗೆ ಬಿಸಿಲೇ ಆಗದಂತಾಗುತ್ತದೆ. ಇನ್ನು ಕೆಲವರಲ್ಲಿ ಇಡೀ ಮೈ ಕೆಂಪೇರಿ ಹೊಟ್ಟು ಉದುರುವ ಎರಿತ್ರೊಡರ್ಮಾ ಹಂತ ಮುಟ್ಟಿ, ಆಸ್ಪತ್ರೆ ಸೇರಿಸಬೇಕಾಗುತ್ತದೆ. ಅಜಥಯೋಪ್ರಿನ್ ಮಾತ್ರೆಯಿಂದ ಹತೋಟಿ ಸಾಧ್ಯವಾದರೂ ಆಗಾಗ ರಕ್ತಪರೀಕ್ಷೆ ಬೇಕು. ಬೇಸಾಯ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ ಎಂಬ ಸಲಹೆ ಹೇಳುವುದಕ್ಕೆ ಸುಲಭ. ಎರಡೆಕರೆಯವನು ಎಲ್ಲಿಗೆ ಹೋಗಬೇಕು? ಕಳೆಯನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಗಿಡವನ್ನು ಬೋಳಿಸುತ್ತದೆ, ಆದರೆ ನಿರ್ಮೂಲ ಮಾಡಿಲ್ಲ.

ಆಸ್ಪತ್ರೆಗೆ ಅತಿ ಭಾರವಾದದ್ದು ಚರ್ಮವೇ ಕೈಕೊಡುವ ಸ್ಥಿತಿ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಗೌಟ್‌ನ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆ ಕೆಲವೇ ಮಂದಿಗೆ ಒಗ್ಗದೆ, ಸೇವನೆ ಶುರುವಾದ ಕೆಲವು ವಾರಗಳಲ್ಲಿ ಜ್ವರ, ಬಾಯಿಹುಣ್ಣು, ಕಣ್ಣುರಿ ಕಾಣಿಸಿಕೊಂಡು ಚರ್ಮ ಹಾಳೆಹಾಳೆಯಾಗಿ ಸುಲಿಯತೊಡಗುತ್ತದೆ. ಸುಲಿದ ಭಾಗ ಮೈಯ ಶೇ. 10ಕ್ಕಿಂತ ಕಡಿಮೆಯಿದ್ದರೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಶೇ. 30 ಮೀರಿದರೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್. ಎರಡನೆಯದರಲ್ಲಿ ಹತ್ತರಲ್ಲಿ ಸುಮಾರು ಮೂವರು ಉಳಿಯುವುದಿಲ್ಲ. ಸುಲಿದ ಮೈಯಿಂದ ನೀರು, ಲವಣ, ಪ್ರೋಟೀನು ಸೋರುತ್ತವೆ, ಶಾಖ ನಿಲ್ಲುವುದಿಲ್ಲ, ರೋಗಾಣುಗಳಿಗೆ ತಡೆಯಿಲ್ಲ. ಔಷಧಕ್ಕಿಂತ ಶುಶ್ರೂಷೆಯೇ ಇಲ್ಲಿ ದೊಡ್ಡದು: ಡ್ರಿಪ್ಪಿನ ಲೆಕ್ಕ, ರೆಪ್ಪೆ ಅಂಟದಂತೆ ಗಂಟೆಗಂಟೆಗೂ ಕಣ್ಣಿಗೆ ಹನಿ, ಮೂಗಿನ ನಳಿಕೆಯಲ್ಲಿ ಆಹಾರ. ಬಟ್ಟೆ ಹಸಿಗಾಯಕ್ಕೆ ಅಂಟಿಕೊಂಡು, ಎತ್ತುವಾಗ ಮತ್ತೆ ಚರ್ಮ ಕಿತ್ತು ಬರುತ್ತದೆ. ಅದಕ್ಕೇ ದಕ್ಷಿಣದ ಆಸ್ಪತ್ರೆಗಳಲ್ಲಿ ಶುಚಿಗೊಳಿಸಿದ ಬಾಳೆ ಎಲೆ ಹಾಸಿ ಮಲಗಿಸುವ ರೂಢಿಯುಂಟು. ನುಣುಪು, ತಂಪು, ಅಗ್ಗ. ನಾಲೆ ಬಯಲಿನಲ್ಲಿ ಅದಕ್ಕೆ ಬರವೂ ಇಲ್ಲ. ಎಲ್ಲಕ್ಕಿಂತ ಮೊದಲ ಚಿಕಿತ್ಸೆ ಕಾರಣವಾದ ಮಾತ್ರೆಯನ್ನು ನಿಲ್ಲಿಸುವುದು. ಹೀಗಾಗಿ ರೋಗಿಯ ಕಡೆಯವರು ಮನೆಯಲ್ಲಿದ್ದ ಮಾತ್ರೆ ಪಟ್ಟಿಗಳನ್ನೆಲ್ಲ ಜೊತೆಗೆ ತಂದರೆ ಅರ್ಧ ಕೆಲಸ ಮುಗಿದಂತೆ.

ಪೆಂಫಿಗಸ್ ಎಂಬ ಇನ್ನೊಂದು ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಕೋಶಗಳ ಬೆಸುಗೆ ಬಿಡಿಸಿ ಬೊಬ್ಬೆ ಎಬ್ಬಿಸುತ್ತದೆ. ಸ್ಟೀರಾಯ್ಡ್ ಬರುವ ಮುನ್ನ ಇದು ಬಹುತೇಕ ಮರಣಶಾಸನವೇ ಆಗಿತ್ತು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಜೆ.ಎಸ್. ಪಸ್ರೀಚಾ ರೂಪಿಸಿದ ಪಲ್ಸ್ ಚಿಕಿತ್ಸೆಯಲ್ಲಿ 28 ದಿನಕ್ಕೊಮ್ಮೆ ಸತತ ಮೂರು ದಿನ ಡೆಕ್ಸಾಮೆಥಸೋನ್ ಡ್ರಿಪ್, ಆ ಮೂರರಲ್ಲಿ ಒಂದು ದಿನ ಸೈಕ್ಲೊಫಾಸ್ಫಮೈಡ್ ಕೂಡ. ವರ್ಷಕ್ಕೆ ಹದಿಮೂರು ಬಾರಿ ಎಂದರೆ 39 ದಿನ ಆಸ್ಪತ್ರೆ, ಜೊತೆಗೊಬ್ಬರ ಕೂಲಿಯೂ ಖೋತಾ. ಈಚೆಗೆ ರಿಟುಕ್ಸಿಮ್ಯಾಬ್ ಈ ಓಡಾಟವನ್ನು ತಗ್ಗಿಸಿದೆ, ಬೆಲೆ ಮಾತ್ರ ಹೆಚ್ಚು.

ಚಿಕಿತ್ಸೆ ತಡವಾಗಲು ನಂಬಿಕೆಯೂ ಒಂದು ಕಾರಣ. ಮೈಮೇಲೆ ಏನೆದ್ದರೂ ನಾಗದೋಷವೆಂದು ಕುಕ್ಕೆಗೆ ಹರಕೆ, ಸರ್ಪಸುತ್ತಿಗೆ ಮಂತ್ರ, ಕೆಮ್ಮಣ್ಣು. ಸರ್ಪಸುತ್ತು ಮೂರ್ನಾಲ್ಕು ವಾರದಲ್ಲಿ ತಾನಾಗಿಯೇ ಒಣಗುವುದರಿಂದ ಮಂತ್ರಕ್ಕೆ ಹೆಸರು ಬರುತ್ತದೆ. ಕಣ್ಣಿನ ಸುತ್ತ ಎದ್ದಾಗ ಮಾತ್ರ 72 ಗಂಟೆಯೊಳಗೆ ವೈರಸ್ ನಿರೋಧಕ ಔಷಧ ಸಿಗದಿದ್ದರೆ ದೃಷ್ಟಿಗೇ ಸಂಚಕಾರ. ಮೆಡಿಕಲ್ ಶಾಪಿನ ಕ್ರೀಮುಗಳ ಕಾಟವೂ ಕಡಿಮೆಯಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ ಹಚ್ಚಿ ಹುಳುಕಡ್ಡಿ ಮೈಯೆಲ್ಲ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಷೆಡ್ಯೂಲ್ ಎಚ್‌ಗೆ ಸೇರಿಸಿತು.

ಕುಷ್ಠರೋಗ 2005ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಭಾರತದವರು. ಸ್ಪರ್ಶವಿಲ್ಲದ ಮಚ್ಚೆ ಕಂಡಾಗಲೇ ಬಹುಔಷಧ ಚಿಕಿತ್ಸೆ ಶುರುವಾದರೆ ಅಂಗವೈಕಲ್ಯ ತಪ್ಪುತ್ತದೆ, ಔಷಧ ಉಚಿತ. ತಡವಾದವರ ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಹುಣ್ಣಾಗಿ, ಮತ್ತೆ ಮತ್ತೆ ದಾಖಲಾಗಬೇಕಾಗುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ನಿಭಾಯಿಸಲಾಗದ ರೋಗಿಗಳು ಹೋಗುವ ದಾರಿ ಊರಿಂದ ಊರಿಗೆ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ, ನಾಗಮಂಗಲದವರಿಗೆ ಬಿ.ಜಿ. ನಗರದಲ್ಲಿ 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ. ಜಿಲ್ಲಾ ಕೇಂದ್ರದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) 2006ರದು. ಕೆ.ಆರ್.ಪೇಟೆಯವರು ಮೈಸೂರು, ಮಂಡ್ಯ, ಹಾಸನ ಮೂರರಲ್ಲಿ ಬಸ್ಸು ಸಿಕ್ಕ ಕಡೆ ಹೋಗುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ಬಸ್ ಚಾರ್ಜು, ಕಳೆದುಕೊಂಡ ಕೂಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಈ ಹೊರೆ ಈ ಉಪವಿಭಾಗದ್ದು ಮಾತ್ರವಲ್ಲ: 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಚರ್ಮರೋಗಗಳನ್ನು ಜಾಗತಿಕ ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ನಿರ್ಣಯಿಸಿತು.