ಬೈಲಕುಪ್ಪೆಯ ಒಕ್ಕಲು

ಊರು ಬಿಟ್ಟು ಬಂದವರಿಗೆ ನಮ್ಮ ನುಡಿಯಲ್ಲಿ ಹೆಸರುಗಳು ಹಲವು: ವಲಸೆಗಾರ, ಪರದೇಶಿ, ನಿರಾಶ್ರಿತ. ಅವರು ಬಂದ ನೆಲದಲ್ಲಿ ಬೇರು ಬಿಟ್ಟಾಗ ಹೇಳಲು 'ಒಕ್ಕಲು' ಎಂಬ ಮಾತೊಂದಿದೆ. ಒಕ್ಕಲೆಂದರೆ ಮನೆತನವೂ ಹೌದು, ಬೇಸಾಯವೂ ಹೌದು. ಟಿಬೆಟಿನ ಜನ ಕನ್ನಡನಾಡಿಗೆ ಬಂದದ್ದು ನಿರಾಶ್ರಿತರಾಗಿ, ನಿಂತದ್ದು ಒಕ್ಕಲಾಗಿ.

1959ರಲ್ಲಿ ದಲೈ ಲಾಮಾ ಅವರು ಭಾರತವನ್ನು ಸೇರಿದರು. ಅವರ ಬೆನ್ನಿಗೆ ಬಂದ ಸಾವಿರಾರು ಮಂದಿಗೆ ಹಿಮಾಲಯದ ತಪ್ಪಲಿನ ರಸ್ತೆ ಕೆಲಸವೇ ಮೊದಲ ಜೀವನೋಪಾಯವಾಯಿತು. ಇವರಿಗೆ ನೆಲ ಕೊಡಬಲ್ಲಿರಾ ಎಂದು ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆಯನ್ನು ಒದಗಿಸಿತು. ಅದು ಹೊಲವಲ್ಲ, ಕಾಡು. 1960ರ ಕೊನೆಯಿಂದ ಬಂದ ತಂಡಗಳು ಸೆಕೆಗೆ ಬಸವಳಿಯುತ್ತ, ಆನೆಗಳಿಗೆ ಅಂಜುತ್ತ, ಮರ ಕಡಿದು ನೆಲ ಹಸನು ಮಾಡಿದವು. ಬಾರ್ಲಿ ಬೆಳೆದು ಯಾಕ್ ಮೇಯಿಸಿದ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿತವು.

ಕುಟುಂಬಕ್ಕಿಷ್ಟು ಎಂದು ದಾನ ಹಂಚಿ ಕೈತೊಳೆದುಕೊಂಡಿದ್ದರೆ ಈ ಬಾಳು ಹತ್ತು ವರ್ಷ ನಿಲ್ಲುತ್ತಿರಲಿಲ್ಲವೆಂಬುದು ನನ್ನ ಎಣಿಕೆ. ಬೀಜ, ಟ್ರಾಕ್ಟರು, ಮಾರಾಟಗಳನ್ನು ಸಹಕಾರ ಸಂಘ ವಹಿಸಿಕೊಂಡಿತು. ಮಳೆಯನ್ನೇ ನಂಬಿದ ಒಂದು ಬೆಳೆ ವರ್ಷವಿಡೀ ಹೊಟ್ಟೆ ಹೊರೆಯದು. ಆದುದರಿಂದ ಕೊಯ್ಲು ಮುಗಿದೊಡನೆ ಪಟ್ಟಣಗಳಿಗೆ ಹೊರಟು ಸ್ವೆಟರು ಮಾರುವ ಹಾದಿ ಹಿಡಿದರು. ನಾವು 'ಟಿಬೆಟಿನದು' ಎಂದು ಚೌಕಾಸಿ ಮಾಡಿ ಕೊಂಡ ಆ ಉಣ್ಣೆಯಂಗಿ ಬಹುಮಟ್ಟಿಗೆ ಲೂಧಿಯಾನದ ಕಾರ್ಖಾನೆಯದು!

1966ರಲ್ಲಿ ಮುಂಡಗೋಡಿನಲ್ಲಿಯೂ ವಸತಿ ಎದ್ದಿತು. ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿ, ಹೀಗೆ ಲಾಸಾದ ಮಹಾವಿದ್ಯಾಪೀಠಗಳು ಕನ್ನಡದ ಮಣ್ಣಿನಲ್ಲಿ ಮರುಹುಟ್ಟು ಪಡೆದವು. ಇವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ನಮ್ಮದೇ ಬಡ ಹಳ್ಳಿಗಳತ್ತ ತಿರುಗಿ, 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳಿಗೆ ದಾರಿ ತೋರಿತು. ಬಂದವರಿಂದ ಇದ್ದವರಿಗೆ ದೊರೆತ ಈ ಲಾಭವನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆದರೂ ನೆಲ ಗುತ್ತಿಗೆಯದೇ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರೆಂಬ ನಿಲುವನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು. ಆದರೆ ಭಾರತದ ಪಾಸ್‌ಪೋರ್ಟು ಬೇಕಾದವರು ವಸತಿಯನ್ನೂ ಅದರ ಸವಲತ್ತುಗಳನ್ನೂ ಬಿಡಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ 2017ರಲ್ಲಿ ಮುಂದಿಟ್ಟಿತು. ನಾಗರಿಕನಾದರೆ ಒಕ್ಕಲುತನವಿಲ್ಲ, ಒಕ್ಕಲಾಗಿ ಉಳಿದರೆ ಪಾಸ್‌ಪೋರ್ಟಿಲ್ಲ ಎಂಬಂತಾಗಿತ್ತು ಆಗ! ತರುಣರು ಮೂರನೆಯ ದಾರಿ ಹಿಡಿದು ಯೂರೋಪು, ಅಮೆರಿಕ, ಕೆನಡಾಗಳಿಗೆ ಹೊರಟಿದ್ದಾರೆ. ಅಜ್ಜಂದಿರು ಕಾಡು ಕಡಿದು ಮಾಡಿದ ಜೋಳದ ಹೊಲಗಳಲ್ಲಿ ಈಗ ಎಷ್ಟೋ ಕಡೆ ದುಡಿಯುತ್ತಿರುವವರು ನೆರೆಹಳ್ಳಿಗಳ ಕನ್ನಡಿಗರು.